ಎತ್ತಿನ ಗುರುತಿನ ಛತ್ರ: ಪಾದೊವಾದಲ್ಲಿ ಒಂಬತ್ತು ರಾತ್ರಿ

(ಈ ವಾರದ ಇತಿಹಾಸ ಸಂಚಿಕೆಯ ಬರಹ ರೂಪ)

ಹೋದ ವಾರ ಸಂಚಿಕೆ ಬರಲಿಲ್ಲ, ಅದಕ್ಕೆ ಮೊದಲು ಕ್ಷಮೆ ಕೇಳಿಬಿಡ್ತೀನಿ. ನಾನು ಊರಲ್ಲಿರಲಿಲ್ಲ. ಅಕ್ಕನ ಮಗಳಿಗೆ ಇಟಲಿಯ ಪಾದೊವಾದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಹುಡುಗಿಯನ್ನ ಬಿಟ್ಟು ಬರೋದಕ್ಕೆ ಅಕ್ಕನಿಗೆ ರಜೆ ಇಲ್ಲ, ಭಾವನಿಗೆ ವೀಸಾ ಇಲ್ಲ. ಹಾಗಾಗಿ ಚಿಕ್ಕಮ್ಮ ಹೊರಟಳು. ಬಿಟ್ಟು ಬರೋದು ಅಂದ್ರೆ ಮೂರು ದಿನದ ಕೆಲಸ ಅಂದುಕೊಂಡಿದ್ವಿ. ಒಂಬತ್ತು ರಾತ್ರಿ ಆಯ್ತು. ಯಾಕೆ ಅಂದ್ರೆ ಅವಳಿಗೆ ಇರೋದಕ್ಕೆ ಒಂದು ಕೋಣೆ ಸಿಗಲಿಲ್ಲ.

ಇಂಗ್ಲಿಷಿನವರು ಪಡುವಾ ಅಂತಾರೆ, ಆ ಊರಿನವರ ಬಾಯಲ್ಲಿ ಅದು ಪಾದೊವಾ. ವೆನಿಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ನಾವು ಉಳಿದದ್ದು ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಅಗ್ಗದ ಹೋಟೆಲಲ್ಲಿ. ನಮ್ಮ ಮೆಜೆಸ್ಟಿಕ್ಕಿನ ಲಾಡ್ಜುಗಳನ್ನ ನೆನಪಿಸಿಕೊಳ್ಳಿ, ಅಷ್ಟೇ. ಎರಡು ಒಂಟಿ ಮಂಚ, ಮೂಲೆಯಲ್ಲಿ ಒಂದು ಕೈತೊಳೆಯೋ ಬೇಸಿನ್, ಸ್ನಾನದ ಮನೆ ಹೊರಗೆ ಪಡಸಾಲೆಯಲ್ಲಿ. ಲಿಫ್ಟಿನಲ್ಲಿ ಸೂಟ್‌ಕೇಸ್ ಹೋದರೆ ಮನುಷ್ಯ ಹೋಗೋ ಹಾಗಿಲ್ಲ, ಮನುಷ್ಯ ಹೋದರೆ ಸೂಟ್‌ಕೇಸ್ ಹೋಗೋ ಹಾಗಿಲ್ಲ. ಇಬ್ಬರಿಗೂ ಸೇರಿ ರಾತ್ರಿಗೆ 60 ಯೂರೋ, ಮೇಲೆ ತಲೆಗಿಷ್ಟು ಅಂತ ಪ್ರವಾಸಿ ತೆರಿಗೆ. ಬೆಳಿಗ್ಗೆ ಪ್ಲಾಸ್ಟಿಕ್ ಚೀಲದೊಳಗಿನ ಒಂದು ಸಿಹಿ ಬನ್ನು, ಕಾಫಿ. ಕಾಫಿ ಚೆನ್ನಾಗಿತ್ತು, ಅದನ್ನ ಹೇಳಲೇಬೇಕು. ರಾತ್ರಿ ಅಕ್ಕ ಕಟ್ಟಿಕೊಟ್ಟಿದ್ದ ಗೊಜ್ಜವಲಕ್ಕಿಯನ್ನ ನಲ್ಲಿಯ ಬಿಸಿನೀರಲ್ಲಿ ನೆನೆಸಿ ತಿನ್ನುತ್ತಿದ್ವಿ. ಒಂಬತ್ತು ರಾತ್ರಿಗೆ 540 ಯೂರೋ, ನಮ್ಮ ಲೆಕ್ಕದಲ್ಲಿ ಅರ್ಧ ಲಕ್ಷ.

ಹೋಟೆಲಿನ ಕಟ್ಟಡ ನೋಡೋಕೆ ಏನೂ ಚಂದ ಇಲ್ಲ, ಆ ಬೀದಿಯ ಎಷ್ಟೋ ಕಟ್ಟಡಗಳ ಹಾಗೆ ಸಿಮೆಂಟಿನ ಡಬ್ಬ. ಹಳೇ ಊರು ಅಂತ ಬಂದವರಿಗೆ ಮೊದಲು ಕಾಣೋದೇ ಇದು. ಅದಕ್ಕೂ ಒಂದು ಕಥೆ ಇದೆ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಈ ರೈಲ್ವೆ ಸ್ಟೇಷನ್ನಿನ ಮೇಲೆ ಮತ್ತೆ ಮತ್ತೆ ಬಾಂಬು ಹಾಕಿದವು. 1944ರ ಮಾರ್ಚ್ 11ರಂದು ಬಿದ್ದ ಬಾಂಬು ಹತ್ತಿರದ ಎರೆಮಿತಾನಿ ಚರ್ಚಿಗೆ ತಗುಲಿ, ಮಾಂತೆನ್ಯಾ ಅನ್ನೋ ಕಲಾವಿದ ಹದಿನೈದನೇ ಶತಮಾನದಲ್ಲಿ ಬರೆದ ಭಿತ್ತಿಚಿತ್ರಗಳು ಚೂರು ಚೂರಾದವು. ಅಲ್ಲೇ ಪಕ್ಕದಲ್ಲಿ, ಕಲ್ಲೆಸೆದರೆ ಬೀಳೋ ದೂರದಲ್ಲಿ, ಜೊತ್ತೊ 1305ರ ಹೊತ್ತಿಗೆ ಚಿತ್ರ ಬರೆದು ಮುಗಿಸಿದ ಸ್ಕ್ರೊವೆನ್ಯಿ ಚಾಪೆಲ್ ಇದೆ. ಅದು ಉಳಿಯಿತು. ಇವತ್ತು ಅದನ್ನ ನೋಡೋಕೆ ಮುಂಗಡ ಟಿಕೆಟ್ ಮಾಡಿಸಿ, ಗಾಜಿನ ಕೋಣೆಯಲ್ಲಿ ಕೂತು, ಮೈಮೇಲಿನ ಧೂಳು ತೇವ ಎಲ್ಲ ತಹಬಂದಿಗೆ ಬಂದ ಮೇಲೆ ಒಳಗೆ ಬಿಡ್ತಾರೆ. ನಾವು ಹೋಗಲಿಲ್ಲ. ಮನೆ ಹುಡುಕೋ ಕೆಲಸ ಇತ್ತು.

ಮೊದಲ ದಿನ ಹೋಟೆಲಿನ ಯಜಮಾನರು ಇಬ್ಬರ ಪಾಸ್‌ಪೋರ್ಟೂ ತಗೊಂಡು, ಒಂದೊಂದೇ ಅಕ್ಷರ ಕಂಪ್ಯೂಟರಿಗೆ ಏರಿಸಿದರು. ಇದು ಪೊಲೀಸರಿಗೆ ಹೋಗುತ್ತೆ, ಕಾನೂನು, ಅಂದರು. ಕೇಳಿದರೆ 1931ರ ಕಾನೂನು. ಅಂದ್ರೆ ಮುಸೊಲಿನಿ ಕಾಲದ್ದು. ಮುಸೊಲಿನಿ ಹೋದ, ಕಾನೂನು ತಿದ್ದುಪಡಿಗಳ ಸಮೇತ ಇನ್ನೂ ಇದೆ. ಹಾಗಂತ ಈ ಅಭ್ಯಾಸವನ್ನ ಶುರು ಮಾಡಿದವನೂ ಅವನಲ್ಲ. ಹತ್ತಿರದ ಬೊಲೊನ್ಯಾ ನಗರದಲ್ಲಿ ಹದಿನಾಲ್ಕನೇ ಶತಮಾನದಲ್ಲೇ, ಛತ್ರದವರು ಬಂದ ಪರಸ್ಥಳದವರ ಹೆಸರು ಬರೆಸಲೇಬೇಕು ಅಂತ ಒಂದು ಕಚೇರಿ ಇತ್ತು. ಪರಊರಿನಿಂದ ಬಂದವನು ಯಾರು, ಎಲ್ಲಿ ಮಲಗ್ತಾನೆ, ಎಷ್ಟು ದಿನ ಇರ್ತಾನೆ? ಈ ಪ್ರಶ್ನೆ ಆ ಊರುಗಳಿಗೆ ಬಹಳ ಹಳೇದು.

ನಮ್ಮ ಹುಡುಗಿಗೂ ಅದೇ ಪ್ರಶ್ನೆ. ಯುರೋಪಿನ ಹೊರಗಿನಿಂದ ಓದೋಕೆ ಬಂದವರು ಇಟಲಿಯಲ್ಲಿ ಕಾಲಿಟ್ಟ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅಂಚೆ ಕಚೇರಿಯಲ್ಲಿ ಲಕೋಟೆ ಕೊಡ್ತಾರೆ, ತುಂಬಿ ವಾಪಸ್ ಕೊಡಬೇಕು. ಆ ಅರ್ಜಿಯಲ್ಲಿ ವಿಳಾಸದ ಖಾನೆ ಇದೆ. ಅವಳು ಪೆನ್ ಹಿಡ್ಕೊಂಡು ಆ ಖಾನೆಯ ಮುಂದೆ ಕೂತುಬಿಟ್ಟಳು. "ಚಿಕ್ಕಮ್ಮ, ಇಲ್ಲಿ ಏನ್ ಬರೀಲಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನೀನು ಕಾಲೇಜಿಗೆ ಹೋಗಿ ಬಾ, ಆಮೇಲೆ ನೋಡೋಣ ಅಂದೆ.

ಅವಳು ತರಗತಿಗೆ ಹೋದಾಗ ನಾನು ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ನೋಡೋಕೆ ಹೋದೆ. ಇಲ್ಲಿಂದಲೇ ಇವತ್ತಿನ ಕಥೆ ಶುರು.

ಪಾದೊವಾ ವಿಶ್ವವಿದ್ಯಾಲಯ ಲೆಕ್ಕ ಹಾಕೋದು 1222ರಿಂದ. ಎಂಟುನೂರು ವರ್ಷ ಆಗಿಹೋಯ್ತು. ಅದರ ಮುಖ್ಯ ಕಟ್ಟಡದ ಹೆಸರು ಪಲಾಝೋ ಬೊ. "ಬೊ" ಅಂದ್ರೆ ಅಲ್ಲಿನ ಆಡುಮಾತಿನಲ್ಲಿ ಎತ್ತು. ಇಷ್ಟು ದೊಡ್ಡ ವಿದ್ಯಾಸಂಸ್ಥೆಗೆ ಎತ್ತಿನ ಹೆಸರು ಯಾಕೆ? ಯಾಕೆ ಅಂದ್ರೆ ಅದು ಮೊದಲು ಒಂದು ಛತ್ರ. ಎತ್ತಿನ ತಲೆಯ ಗುರುತು ತೂಗುಹಾಕಿದ್ದ ಛತ್ರ, ಲ್ಯಾಟಿನ್ನಿನಲ್ಲಿ ಹೊಸ್ಪಿಟಿಯಂ ಬೋವಿಸ್. ಪಾದೊವಾವನ್ನ ವೆನಿಸ್ ಮುತ್ತಿಗೆ ಹಾಕಿದಾಗ ಅರಸನಿಗೆ ಮಾಂಸ ಒದಗಿಸಿದ ಕಟುಕನಿಗೆ ಈ ಜಾಗ ಇನಾಮಾಗಿ ಸಿಕ್ಕಿತು, ಅವನ ಕಸುಬಿನ ಗುರುತೇ ಛತ್ರದ ಗುರುತಾಯ್ತು ಅಂತ ಐತಿಹ್ಯ. 1405ರಲ್ಲಿ ಪಾದೊವಾ ವೆನಿಸ್ ಕೈಗೆ ಹೋಯ್ತು. 1493ರಲ್ಲಿ ವಿಶ್ವವಿದ್ಯಾಲಯ ಛತ್ರದೊಳಗೆ ಕಾಲಿಟ್ಟಿತು. ಹದಿನಾರನೇ ಶತಮಾನದಲ್ಲಿ ಸುತ್ತಲಿನ ಮನೆಗಳನ್ನೂ ಸೇರಿಸಿಕೊಂಡು, ಕಂಬಗಳ ಅಂಗಳ ಕಟ್ಟಿ, ಈಗ ನೋಡೋ ರೂಪಕ್ಕೆ ತಂದರು. ಎತ್ತು ಮಾತ್ರ ಹಾಗೇ ಉಳೀತು. ಪ್ರಯಾಣಿಕರು ರಾತ್ರಿ ಕಳೆಯುತ್ತಿದ್ದ ಜಾಗದಲ್ಲಿ ಐನೂರು ವರ್ಷದಿಂದ ಪಾಠ ನಡೀತಿದೆ.

1222 ಅಂದೆ, 1493 ಅಂದೆ. ನಡುವಿನ 270 ವರ್ಷ ವಿಶ್ವವಿದ್ಯಾಲಯ ಎಲ್ಲಿತ್ತು? ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಉತ್ತರ: ಬಾಡಿಗೆ ಮನೆಗಳಲ್ಲಿ. ಆ ಕಾಲದ ವಿಶ್ವವಿದ್ಯಾಲಯ ಅಂದ್ರೆ ಕಟ್ಟಡ ಅಲ್ಲ, ಜನರ ಕೂಟ. ಮೇಷ್ಟ್ರು ತನ್ನ ಮನೆಯಲ್ಲೋ ಬಾಡಿಗೆ ಹಿಡಿದ ಕೋಣೆಯಲ್ಲೋ ಪಾಠ ಮಾಡ್ತಿದ್ದ, ವಿದ್ಯಾರ್ಥಿಗಳು ಸುತ್ತಮುತ್ತ ಎಲ್ಲೋ ಬಾಡಿಗೆಗೆ ಇರ್ತಿದ್ರು. ಕಟ್ಟಡ ಇಲ್ಲದ ವಿಶ್ವವಿದ್ಯಾಲಯದ ಹತ್ತಿರ ಒಂದು ಬ್ರಹ್ಮಾಸ್ತ್ರ ಇತ್ತು: ಎದ್ದು ಹೋಗಿಬಿಡೋದು. 1222ರಲ್ಲಿ ಪಾದೊವಾ ಹುಟ್ಟಿದ್ದೇ ಹಾಗೆ. ಬೊಲೊನ್ಯಾದಲ್ಲಿ ಊರಿನ ಆಡಳಿತದ ಜೊತೆ ಜಗಳವಾಗಿ ಒಂದಷ್ಟು ಮೇಷ್ಟ್ರು, ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿ ಇಲ್ಲಿಗೆ ನಡೆದುಬಂದರು. ಯಾವ ರಾಜನೂ ಶಂಕುಸ್ಥಾಪನೆ ಮಾಡಲಿಲ್ಲ, ಯಾವ ಪೋಪನೂ ಸನ್ನದು ಕೊಟ್ಟು ಶುರು ಮಾಡಲಿಲ್ಲ.

ಬಂದು ಆರೇ ವರ್ಷಕ್ಕೆ, 1228ರಲ್ಲಿ, ಪಾದೊವಾದ ಒಂದು ಗುಂಪು ಮತ್ತೆ ಹೊರಟಿತು. ಈ ಸಲ ಪಶ್ಚಿಮಕ್ಕೆ, ವೆರ್ಚೆಲ್ಲಿ ಅನ್ನೋ ಊರಿಗೆ. ಆಗ ಆ ಊರಿನವರ ಜೊತೆ ಮಾಡಿಕೊಂಡ ಕರಾರುಪತ್ರ ಉಳಿದುಬಂದಿದೆ. ವಿದ್ಯಾರ್ಥಿಗಳು ಕೇಳಿದ್ದೇನು ಗೊತ್ತಾ? ಸಭಾಂಗಣ ಅಲ್ಲ, ಗ್ರಂಥಾಲಯ ಅಲ್ಲ. ಊರಿನ ಒಳ್ಳೇ ಮನೆಗಳಲ್ಲಿ 500 ಬಿಡಾರ. ಸಾಲದಿದ್ದರೆ ಇನ್ನಷ್ಟು. ಬಾಡಿಗೆಗೆ ಒಂದು ಮಿತಿ, ಅದನ್ನ ಗೊತ್ತು ಮಾಡೋದು ಎರಡೂ ಕಡೆಯ ಪ್ರತಿನಿಧಿಗಳು ಕೂತು. ಕೈಸಾಲ ಬೇಕಾದರೆ ಊರೇ ಕೊಡಬೇಕು. ಮೇಷ್ಟ್ರ ಸಂಬಳವೂ ಊರಿನದೇ. ಓದಿ ನಕ್ಕೆ, ಆಮೇಲೆ ಅಷ್ಟು ನಗು ಬರಲಿಲ್ಲ. ಎಂಟುನೂರು ವರ್ಷದ ಹಿಂದಿನ ಇಪ್ಪತ್ತರ ಹುಡುಗರಿಗೆ ಗೊತ್ತಿತ್ತು, ವಿದ್ಯೆ ಎಲ್ಲಾದರೂ ಸಿಗುತ್ತೆ, ಮನೆ ಸಿಗೋದೇ ಕಷ್ಟ ಅಂತ.

ಬೊಲೊನ್ಯಾದಲ್ಲಿ ಇನ್ನೂ ಹಿಂದಿನ ಒಂದು ಆಜ್ಞೆ ಇದೆ. 1189ರಲ್ಲಿ ಮೂರನೇ ಕ್ಲೆಮೆಂಟ್ ಪೋಪ್ ಅದನ್ನ ಖಾಯಂ ಮಾಡಿದ. ವಿದ್ಯಾರ್ಥಿಗಳು ಈಗಾಗಲೇ ಇರುವ ಮನೆಗೆ ಬೇರೆ ವಿದ್ಯಾರ್ಥಿಯಾಗಲಿ ಮೇಷ್ಟ್ರಾಗಲಿ ಹೋಗಿ, ನಾನು ಜಾಸ್ತಿ ಬಾಡಿಗೆ ಕೊಡ್ತೀನಿ ಅನ್ನಬಾರದು. ನೋಡಿ ಎಷ್ಟು ಜಾಣತನ! ಮನೆ ಮಾಲೀಕನ ದುರಾಸೆಗಿಂತ ಮೊದಲು ಬಾಡಿಗೆದಾರರ ಪೈಪೋಟಿಗೆ ಕಡಿವಾಣ. ಬಾಡಿಗೆ ಏರೋದು ಹೇಗೆ ಅನ್ನೋದು ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ನಿಯಮ ಮುರಿದ ಮಾಲೀಕನ ಮನೆಗೆ ಬಹಿಷ್ಕಾರ, ಇಂತಿಷ್ಟು ವರ್ಷ ಅಲ್ಲಿ ಯಾವ ವಿದ್ಯಾರ್ಥಿಯೂ ಇರೋ ಹಾಗಿಲ್ಲ.

ಇದೆಲ್ಲ ಕೇಳಿದರೆ ಆಗ ಸುವರ್ಣಯುಗ ಇತ್ತು ಅನ್ನಿಸಬಹುದು. ಹಾಗೇನಿಲ್ಲ. ಇಷ್ಟೊಂದು ನಿಯಮ ಯಾಕೆ ಬೇಕಾಯ್ತು? ಮುರಿಯೋರು ಅಷ್ಟು ಜನ ಇದ್ದರು ಅಂತ ತಾನೆ. ಜೊತೆಗೆ ಈ ಕೂಟಗಳೆಲ್ಲ ಹಣವಂತ ಮನೆಯ ಹುಡುಗರದ್ದೇ ಹೆಚ್ಚು. ಆಳನ್ನ ಕಟ್ಟಿಕೊಂಡು ಆಲ್ಪ್ಸ್ ದಾಟಿ ಬಂದವರು. ನಮ್ಮ ಕಡೆ ವಾರಾನ್ನ ಮಾಡಿಕೊಂಡು, ಸೋಮವಾರ ಒಬ್ಬರ ಮನೆ ಮಂಗಳವಾರ ಇನ್ನೊಬ್ಬರ ಮನೆ ಅಂತ ಉಂಡು ಓದಿದ ತಲೆಮಾರಿನ ಬಡತನಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಆದರೆ ಒಗ್ಗಟ್ಟು ಇತ್ತು, ಮತ್ತು ಎದ್ದುಹೋಗ್ತೀವಿ ಅಂದರೆ ಊರು ಹೆದರುತ್ತಿತ್ತು. ವಿಶ್ವವಿದ್ಯಾಲಯ ದೊಡ್ಡ ಕಟ್ಟಡ ಕಟ್ಟಿಕೊಂಡು ಖಾಯಂ ಆಗಿ ಕೂತ ಮೇಲೆ ಆ ಹೆದರಿಕೆ ಹೋಯ್ತು. ಎತ್ತಿನ ಛತ್ರವನ್ನ ಹೊತ್ತುಕೊಂಡು ವೆರ್ಚೆಲ್ಲಿಗೆ ಹೋಗೋಕಾಗುತ್ತಾ?

ಈಗ ಆ ಊರಿನ ಅತಿ ಪ್ರಸಿದ್ಧ ಮನೆ ಮಾಲೀಕನ ಕಥೆ. ಹೆಸರು ಗೆಲಿಲಿಯೊ.

ನಿಜ. ಗೆಲಿಲಿಯೊ ಪಾದೊವಾದಲ್ಲಿ ಪಿ.ಜಿ. ನಡೆಸುತ್ತಿದ್ದ. 1592ರಲ್ಲಿ ಗಣಿತದ ಪ್ರಾಧ್ಯಾಪಕನಾಗಿ ಬಂದಾಗ ಅವನಿಗೆ 28 ವರ್ಷ, ಸಂಬಳ ವರ್ಷಕ್ಕೆ 180 ಫ್ಲೋರಿನ್. ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದ, ಮನೆಗೆ ಇವನೇ ಹಿರಿಮಗ. ಒಬ್ಬ ತಂಗಿಯ ವರದಕ್ಷಿಣೆ ಬಾಕಿ ತೀರಿರಲಿಲ್ಲ, ಇನ್ನೊಬ್ಬಳ ಮದುವೆ ಮುಂದಿತ್ತು. ಬಾಕಿ ಕೊಡದೆ ಫ್ಲಾರೆನ್ಸಿಗೆ ಬಂದರೆ ಹಿಡಿಸಿ ಹಾಕಿಸ್ತೀನಿ ಅಂತ ತಂಗಿಯ ಗಂಡ ಹೇಳ್ತಿದ್ದಾನೆ, ಜೋಪಾನ, ಅಂತ ತಾಯಿಯೇ ಎಚ್ಚರಿಕೆ ಕೊಟ್ಟಿದ್ದಳು. ತಮ್ಮ ಸಂಗೀತಗಾರ, ತನ್ನ ಪಾಲು ಕೊಡ್ತೀನಿ ಅಂದವನು ಕೊಡಲಿಲ್ಲ. ಎಲ್ಲಾ ಮನೆಗಳಲ್ಲೂ ಇಂಥ ಒಬ್ಬ ತಮ್ಮ ಇರ್ತಾನೆ ಬಿಡಿ.

ಸಂಬಳ ಸಾಲದಾಗ ಗೆಲಿಲಿಯೊ, ಆ ಊರಿನ ಎಷ್ಟೋ ಮೇಷ್ಟ್ರ ಹಾಗೆ, ದೊಡ್ಡದೊಂದು ಮನೆ ಹಿಡಿದು ಕೋಣೆಗಳನ್ನ ವಿದ್ಯಾರ್ಥಿಗಳಿಗೆ ಕೊಟ್ಟ. ಊಟ, ವಸತಿ, ಜೊತೆಗೆ ಖಾಸಗಿ ಪಾಠ. ಪೋಲೆಂಡ್, ಜರ್ಮನಿ, ಫ್ರಾನ್ಸ್ ಕಡೆಯ ಶ್ರೀಮಂತ ಹುಡುಗರು ಸೇವಕರ ಸಮೇತ ಬಂದಿಳೀತಿದ್ರು. ಯಾರು ಎಷ್ಟು ಕೊಟ್ಟರು ಅಂತ ಅವನೇ ಬರೆದಿಟ್ಟ ಲೆಕ್ಕಗಳು ಉಳಿದಿವೆ. ಅದೇ ಮನೆಯಲ್ಲಿ ಒಂದು ಕಾರ್ಯಾಗಾರ. ಮಾರ್ಕಾಂತೋನಿಯೊ ಮಾತ್ಸೊಲೆನಿ ಅನ್ನೋ ಕುಶಲಕರ್ಮಿ ಸಂಸಾರ ಸಮೇತ ಅಲ್ಲೇ ಇದ್ದು, ಗೆಲಿಲಿಯೊ ರೂಪಿಸಿದ ಹಿತ್ತಾಳೆಯ ಲೆಕ್ಕದ ಕೈವಾರಗಳನ್ನ ಮಾಡಿಕೊಡುತ್ತಿದ್ದ. ಅದನ್ನ ಬಳಸೋದು ಹೇಗೆ ಅಂತ ವಿವರಿಸೋ ಪುಸ್ತಕವನ್ನ 1606ರಲ್ಲಿ ಆ ಮನೆಯಲ್ಲೇ ಅಚ್ಚು ಹಾಕಿಸಿದ, 60 ಪ್ರತಿ. ಉಪಕರಣ ಕೊಂಡರೆ ಪುಸ್ತಕ, ಪುಸ್ತಕ ಅರ್ಥವಾಗದಿದ್ದರೆ ಪಾಠ, ಪಾಠಕ್ಕೆ ಬಂದವನಿಗೆ ಕೋಣೆ. ವ್ಯಾಪಾರ ಚೆನ್ನಾಗಿ ಗೊತ್ತಿತ್ತು ಪುಣ್ಯಾತ್ಮನಿಗೆ.

ಸಂಬಳ ನಿಧಾನಕ್ಕೆ ಏರಿತು: 1599ರಲ್ಲಿ 320, 1606ರಲ್ಲಿ 520. 1609ರ ಆಗಸ್ಟಿನಲ್ಲಿ ವೆನಿಸ್ಸಿನ ಗಂಟೆಗೋಪುರದ ಮೇಲೆ ಹಿರಿಯರನ್ನ ಹತ್ತಿಸಿ ದೂರದರ್ಶಕ ತೋರಿಸಿದ ಮೇಲೆ 1000ಕ್ಕೆ ಹಾರಿತು. 1610ರ ಜನವರಿ 7ರ ರಾತ್ರಿ ಪಾದೊವಾದಲ್ಲಿ ಗುರುಗ್ರಹದ ಪಕ್ಕ ಚುಕ್ಕಿಗಳನ್ನ ಕಂಡ. ಅವು ನಕ್ಷತ್ರ ಅಲ್ಲ, ಗುರುವಿನ ಚಂದ್ರಗಳು ಅಂತ ಕೆಲವೇ ದಿನದಲ್ಲಿ ಗೊತ್ತಾಯ್ತು. ಶಾಲೆಯಲ್ಲಿ ನಾವೆಲ್ಲ ಓದಿದ ಆ ರಾತ್ರಿ ಇದೆಯಲ್ಲ, ಅದು ಕೋಣೆ ಬಾಡಿಗೆಗೆ ಕೊಟ್ಟು ಸಂಸಾರ ಸಾಗಿಸಿದ ಮೇಷ್ಟ್ರ ಬದುಕಿನ ಒಂದು ರಾತ್ರಿ. ಅದೇ ವರ್ಷ ಫ್ಲಾರೆನ್ಸಿನ ದೊರೆಯ ಆಸ್ಥಾನಕ್ಕೆ ಹೊರಟ. ಯಾಕೆ ಹೊರಟೆ ಅಂತ ಬರೆದ ಪತ್ರಗಳಲ್ಲಿ ಮುಖ್ಯ ಕಾರಣ ಇದೇ: ಪಾಠ ಹೇಳೋದರಲ್ಲೇ ಹೊತ್ತು ಹೋಗುತ್ತೆ, ನನ್ನ ಕೆಲಸಕ್ಕೆ ಸಮಯ ಬೇಕು. ಮುಂದೆ ಏನಾಯ್ತು ನಿಮಗೆ ಗೊತ್ತೇ ಇದೆ. ವಿಚಾರಣೆ, ಗೃಹಬಂಧನ. ಕೊನೆಗಾಲದಲ್ಲಿ, ಕಣ್ಣು ಹೋದ ಮೇಲೆ ಬರೆಸಿದ ಪತ್ರವೊಂದರಲ್ಲಿ ಪಾದೊವಾದ ಆ 18 ವರ್ಷಗಳೇ ನನ್ನ ಬದುಕಿನ ಅತ್ಯುತ್ತಮ ಕಾಲ ಅಂದ. ವೆನಿಸ್ ಗಣರಾಜ್ಯದ ನೆರಳಲ್ಲಿ ಇದ್ದಿದ್ದರೆ ರೋಮಿನವರ ಕೈ ಅಷ್ಟು ಸುಲಭಕ್ಕೆ ಚಾಚುತ್ತಿರಲಿಲ್ಲ ಅನ್ನೋರೂ ಇದ್ದಾರೆ. ನನಗೂ ಹಾಗೇ ಅನ್ನಿಸುತ್ತೆ.

ಬೊ ಕಟ್ಟಡದ ಮೆಟ್ಟಿಲ ಬುಡದಲ್ಲಿ ಒಬ್ಬ ಹೆಣ್ಣುಮಗಳ ಪ್ರತಿಮೆ ಇದೆ. ಎಲೆನಾ ಕೊರ್ನಾರೊ ಪಿಸ್ಕೋಪಿಯಾ. 1678ರ ಜೂನ್ 25ರಂದು ಪಾದೊವಾದಲ್ಲಿ ತತ್ವಶಾಸ್ತ್ರದ ಡಾಕ್ಟರೇಟ್ ಪಡೆದಳು. ಆ ಪದವಿ ಪಡೆದ ಮೊದಲ ಮಹಿಳೆ ಅಂತ ಜಗತ್ತು ಅವಳನ್ನ ಗುರುತಿಸುತ್ತೆ. ದೇವಶಾಸ್ತ್ರದಲ್ಲಿ ಕೇಳಿದ್ದಳು, ಬಿಷಪ್ ಒಪ್ಪಲಿಲ್ಲ. ಪರೀಕ್ಷೆ ನೋಡೋಕೆ ಎಷ್ಟು ಜನ ಸೇರಿದರು ಅಂದ್ರೆ ಅದನ್ನ ಕೆಥೆಡ್ರಲ್‌ಗೇ ಸ್ಥಳಾಂತರ ಮಾಡಬೇಕಾಯ್ತು. ಆಮೇಲೆ? ವಿಶ್ವವಿದ್ಯಾಲಯ ಬಾಗಿಲು ಹಾಕಿಬಿಟ್ಟಿತು, ಇನ್ನು ಹೆಂಗಸರಿಗೆ ಪದವಿ ಇಲ್ಲ ಅಂತ. ಇಟಲಿಯಲ್ಲಿ ಇನ್ನೊಬ್ಬ ಮಹಿಳೆಗೆ ಪದವಿ ಸಿಗೋಕೆ 1732ರವರೆಗೆ, ಬೊಲೊನ್ಯಾದ ಲೌರಾ ಬಾಸ್ಸಿಯವರೆಗೆ ಕಾಯಬೇಕಾಯ್ತು.

ಎಲೆನಾಗೆ ಮನೆ ಹುಡುಕೋ ಕಷ್ಟ ಇರಲಿಲ್ಲ. ವೆನಿಸ್ಸಿನ ಅತಿ ದೊಡ್ಡ ಮನೆತನ, ಪಾದೊವಾದಲ್ಲೂ ಅರಮನೆ. ಆದರೆ ಆ 500 ಬಿಡಾರಗಳ ಕರಾರು, ಗೆಲಿಲಿಯೊನ ಕೋಣೆಗಳು ಎಲ್ಲ ಇವೆಯಲ್ಲ, ಅದರಲ್ಲಿ ಒಂದು ಹೆಣ್ಣುಹುಡುಗಿಯನ್ನ ಯಾರೂ ಊಹಿಸಿರಲಿಲ್ಲ. ಅವಳು ತರಗತಿಯಲ್ಲಿ ಕೂತು ಓದಿದವಳೂ ಅಲ್ಲ, ಮನೆಗೆ ಬಂದ ಗುರುಗಳ ಹತ್ತಿರ ಓದಿದಳು. ಊರಿನ ದೊಡ್ಡ ಚೌಕ ಪ್ರಾತೊ ದೆಲ್ಲಾ ವಾಲ್ಲೆಯಲ್ಲಿ 78 ಪ್ರತಿಮೆಗಳಿವೆ, ಎಲ್ಲವೂ ಗಂಡಸರದ್ದೇ. ಖಾಲಿ ಪೀಠದ ಮೇಲೆ ಎಲೆನಾಳನ್ನ ನಿಲ್ಲಿಸೋಣ ಅಂತ ಕೆಲವು ವರ್ಷದ ಹಿಂದೆ ಊರಲ್ಲಿ ದೊಡ್ಡ ಚರ್ಚೆಯೇ ನಡೀತು.

ನಮ್ಮ ಹುಡುಗಿ ಅಲ್ಲಿ ಬೀದಿ ಬೀದಿ ಅಲೆದು ಗೋಡೆ ಚೀಟಿಗಳನ್ನ ಓದ್ತಿದ್ದಳು. ಇಷ್ಟು ಆ್ಯಪ್ ಬಂದ ಮೇಲೂ ಕಾಲೇಜಿನ ಸುತ್ತ ಆ ಚೀಟಿಗಳಿವೆ, ಕೆಳಗೆ ಬಾಚಣಿಗೆ ಹಲ್ಲಿನ ಹಾಗೆ ಕತ್ತರಿಸಿದ ಫೋನ್ ನಂಬರ್. "ಹುಡುಗಿಯರಿಗೆ ಮಾತ್ರ" ಅಂತ ಇದ್ದದ್ದು ನೋಡಿ ಖುಷಿಯಾಗಿ ಫೋನ್ ಮಾಡಿದರೆ ಮೂರು ತಿಂಗಳ ಅಡ್ವಾನ್ಸ್, ಇಟಲಿಯವರೊಬ್ಬರ ಜಾಮೀನು. ಕೆಲವರು ಹೆಸರು ಕೇಳಿದ ಮೇಲೆ, ಆಗಲೇ ಹೋಯ್ತು ಅಂದರು. ಎಷ್ಟೋ ಮಾಲೀಕರಿಗೆ ವರ್ಷಪೂರ್ತಿ ವಿದ್ಯಾರ್ಥಿಗೆ ಕೊಡೋದಕ್ಕಿಂತ ವೆನಿಸ್ ನೋಡೋಕೆ ಬಂದವರಿಗೆ ರಾತ್ರಿಗಿಷ್ಟು ಅಂತ ಕೊಡೋದೇ ಲಾಭ. ಈ ಮಾತು ಹೇಳುವಾಗ ನನಗೆ ಸ್ವಲ್ಪ ಮುಜುಗರ, ಯಾಕೆ ಅಂದ್ರೆ ರಾತ್ರಿಗಿಷ್ಟು ಕೊಡ್ತಿದ್ದ ಪರಸ್ಥಳದವಳು ನಾನೂ ಹೌದು. 2023ರ ಮೇ ತಿಂಗಳಲ್ಲಿ ಮಿಲಾನಿನ ವಿದ್ಯಾರ್ಥಿಗಳು ಬಾಡಿಗೆ ವಿರುದ್ಧ ಕಾಲೇಜಿನ ಮುಂದೆ ಗುಡಾರ ಹಾಕಿದರು, ಅದು ಇಟಲಿಯ ಬೇರೆ ಊರುಗಳಿಗೂ ಹಬ್ಬಿತು.

ಸಂಜೆ ಕಾಲು ಸೋತಾಗ ಕೂರೋಕೆ ಪೆದ್ರೋಕ್ಕಿ ಅನ್ನೋ ಕಾಫಿಮನೆಗೆ ಹೋಗ್ತಿದ್ವಿ. 1831ರದ್ದು, ಬೊ ಕಟ್ಟಡದ ಹತ್ತಿರವೇ ಇದೆ. ಒಂದು ಕಾಲಕ್ಕೆ ಹಗಲೂ ರಾತ್ರಿ ತೆರೆದಿರ್ತಿತ್ತು, ಬಾಗಿಲೇ ಇಲ್ಲದ ಕಾಫಿಮನೆ ಅಂತ ಹೆಸರು. ಅದರ ಹಸಿರು ಕೋಣೆಯಲ್ಲಿ ಏನೂ ಕೊಳ್ಳದೆ ಯಾರು ಬೇಕಾದರೂ ಕೂರಬಹುದಿತ್ತು. ಕೋಣೆಯಲ್ಲಿ ಚಳಿ ಅಂತ ಬಂದ ವಿದ್ಯಾರ್ಥಿಗಳು ಪತ್ರಿಕೆ ಓದ್ತಾ ಹೊತ್ತು ಕಳೀತಿದ್ರು. 1848ರ ಫೆಬ್ರವರಿ 8ರಂದು ಆಸ್ಟ್ರಿಯಾದ ಸೈನಿಕರ ವಿರುದ್ಧ ವಿದ್ಯಾರ್ಥಿಗಳು ತಿರುಗಿಬಿದ್ದಾಗ ಹಾರಿದ ಗುಂಡಿನ ತೂತನ್ನ ಬಿಳಿ ಕೋಣೆಯ ಗೋಡೆಯಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ. ಒಂದು ಸಂಜೆ ಹೊರಗೆ, ತಲೆಗೆ ಲಾರೆಲ್ ಎಲೆಯ ಕಿರೀಟ ಹಾಕಿಕೊಂಡ ಹುಡುಗಿಯೊಬ್ಬಳನ್ನ ಗೆಳೆಯರೆಲ್ಲ ಸುತ್ತುವರಿದು, ಅವಳ ಬಗ್ಗೆಯೇ ಬರೆದ ಕುಚೋದ್ಯದ ಪದ್ಯವನ್ನ ಗಟ್ಟಿಯಾಗಿ ಓದಿಸ್ತಿದ್ರು. ಪದವಿ ಮುಗಿದ ದಿನ ಹಾಗೆ ಮಾಡೋದು ಅಲ್ಲಿನ ಪದ್ಧತಿ. ನಮ್ಮವಳು ಬಹಳ ಹೊತ್ತು ನೋಡ್ತಾ ನಿಂತಿದ್ದಳು.

ಎಂಟನೇ ದಿನ ಸಿಕ್ಕಿತು. ಕೋಣೆ ಅಲ್ಲ, ಕೋಣೆಯಲ್ಲಿ ಒಂದು ಮಂಚ. ಸ್ಟೇಷನ್ನಿನ ಆಚೆ, ಹಳಿ ದಾಟಿದರೆ ಅರ್ಚೆಲ್ಲಾ ಅನ್ನೋ ಬಡಾವಣೆ. ಬೇರೆ ಬೇರೆ ದೇಶದವರು ನೆಲೆಸಿರೋ, ಬಾಡಿಗೆ ಸ್ವಲ್ಪ ಕಮ್ಮಿ ಇರೋ ಜಾಗ. ಊರಿನ ಆರಾಧ್ಯ ಸಂತ ಅಂತೋನಿ 1231ರಲ್ಲಿ ಕಾಯಿಲೆ ಬಿದ್ದು, ಪಾದೊವಾದಲ್ಲೇ ಸಾಯಬೇಕು ಅಂತ ಗಾಡಿಯಲ್ಲಿ ಬರ್ತಾ, ಊರ ಬಾಗಿಲು ಮುಟ್ಟಲಾಗದೆ ಕಣ್ಣು ಮುಚ್ಚಿದ್ದು ಇಲ್ಲೇ. ಮನೆಯೊಡತಿ ವಯಸ್ಸಾದ ಹೆಂಗಸು. ಕೇಳಿದ್ದು ಎರಡೇ ಪ್ರಶ್ನೆ: ರಾತ್ರಿ ಎಷ್ಟು ಹೊತ್ತಿಗೆ ಬರ್ತೀಯ, ಅಡುಗೆ ಮಾಡೋಕೆ ಬರುತ್ತಾ? ಎರಡನೆಯದಕ್ಕೆ ಹುಡುಗಿ ಸುಳ್ಳು ಹೇಳಿದಳು.

ಕೊನೆಯ ಬೆಳಿಗ್ಗೆ ಹೋಟೆಲಿನ ಯಜಮಾನರು ಲೆಕ್ಕ ಚುಕ್ತಾ ಮಾಡಿಕೊಂಡು, ನಾವು ಹೊರಟದ್ದನ್ನೂ ಕಂಪ್ಯೂಟರಿಗೆ ಏರಿಸಿದರು. ಸೂಟ್‌ಕೇಸ್ ಲಿಫ್ಟಿನಲ್ಲಿ ಇಳೀತು, ನಾವು ಮೆಟ್ಟಿಲಿಳಿದೆವು. ಅರ್ಜಿಯ ಲಕೋಟೆ ಅಂಚೆ ಕಚೇರಿಗೆ ಕೊಟ್ಟಿದ್ದು ಗಡುವಿನ ಹಿಂದಿನ ದಿನ.

ಮೊನ್ನೆ ಫೋನ್ ಮಾಡಿದ್ದಳು. ಅಲ್ಲಿ ಮನೆಗಳಿಗೆ ನಂಬರ್ ನೋಡಿ ಯಾರೂ ಗಂಟೆ ಒತ್ತೋಲ್ಲ, ಗಂಟೆಯ ಪಕ್ಕ ಹೆಸರು ಬರೆದಿರ್ತಾರೆ. ನಾಲ್ಕು ಹೆಸರಿನ ಕೆಳಗೆ ಇವಳದ್ದೂ ಒಂದು ಚೀಟಿ ಅಂಟಿಸಿದ್ದಾರಂತೆ. "ಸ್ಪೆಲಿಂಗ್ ತಪ್ಪಿದೆ ಚಿಕ್ಕಮ್ಮ, ತಿದ್ದೋದು ಬೇಡ ಅಂತ ಬಿಟ್ಟಿದ್ದೀನಿ" ಅಂದಳು.